ಮಲಗಲು ಒಪ್ಪದ ಪುಟ್ಟಿ ಮತ್ತು ಅವಳ ಅಮ್ಮನ ಕೊನೆಯ ಅರ್ಧ ದಿನದ ರಜೆ

ಸ್ವಲ್ಪ ತಾಳ್ಮೆ ಇಟ್ಟುಕೊಂಡು ಓದಿ. ಮೊದಲು ಬರುವುದೆಲ್ಲ ಅಳುವ ಮಕ್ಕಳ ಗಲಾಟೆ, ಅದು ಯಾವ ಡೇಕೇರ್‌ನಲ್ಲಾದರೂ ಇರುವಂಥದ್ದೇ. ನೀವು ಕಾಯಬೇಕಾದದ್ದು ಅಳದೆ ಒಳಗೆ ಬಂದ ಒಂದು ಮಗುವಿಗೆ. ನಾನು ಕಾಯಲಿಲ್ಲ. ಆ ವಾರ ಕೆಟ್ಟಿದ್ದೇ ಅದರಿಂದ.

ನಾನು ರವೀಂದ್ರನಗರದ ಒಂದು ಪುಟ್ಟ ಡೇಕೇರ್‌ನಲ್ಲಿ ಮಿಸ್. ಓದಿದ್ದು ಬಿಕಾಂ. ಮಕ್ಕಳನ್ನು ನೋಡಿಕೊಳ್ಳುವುದನ್ನು ಯಾವ ಕೋರ್ಸಿನಲ್ಲೂ ಕಲಿತವಳಲ್ಲ. ದಿನಾ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ಬಸ್ಸಿನಲ್ಲಿ ಮೊಬೈಲಿನಲ್ಲಿ ವಿಡಿಯೋ ನೋಡಿ, ಗೊತ್ತಾದಷ್ಟನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಕಲಿತದ್ದು. ಬೇಸಿಗೆಯಲ್ಲಿ ನೆಲಕ್ಕೆ ಹೊಸ ಟೈಲ್ಸ್ ಹಾಕಿಸಲು ಡೇಕೇರ್ ನಡೆಸುವ ಮೇಡಂ ಅದನ್ನು ಒಂದು ತಿಂಗಳು ಮುಚ್ಚಿದ್ದರು. ಒಂದು ತಿಂಗಳ ನಂತರ ಮಕ್ಕಳು ವಾಪಸ್ ಬಂದರೆ ಏನಾಗುತ್ತದೆ ಎಂಬುದರ ಬಗ್ಗೆ ನಾನು ಹನ್ನೊಂದು ಪುಟ ಬರೆದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಆ ಸೋಮವಾರಕ್ಕೆ ನಾನು ಹಾತೊರೆಯುತ್ತಿದ್ದೆ.

ನನ್ನ ಯೋಜನೆ ಹೀಗಿತ್ತು. ಹದಿನಾಲ್ಕು ಮಕ್ಕಳೂ ಒಂದೇ ಹೊತ್ತಿಗೆ ಬರಬಾರದು, ಕಾಲು ಗಂಟೆಗೆ ಮೂವರಂತೆ ಬರಬೇಕು. ಬಾಗಿಲ ಹತ್ತಿರವೇ ಒಂದು ಟಬ್ಬಿನಲ್ಲಿ ನೀರು, ಅದರಲ್ಲಿ ಲೋಟ, ಜರಡಿ, ಪ್ಲಾಸ್ಟಿಕ್ ಮೀನು. ಕೈ ನೀರಿಗೆ ಹೋದರೆ ಅಳು ಅರ್ಧ ಇಳಿಯುತ್ತದೆ. ಗೋಡೆಯಲ್ಲಿ ಮಕ್ಕಳ ಕಣ್ಣಿನ ಎತ್ತರಕ್ಕೆ ಅವರವರ ಮನೆಯವರ ಫೋಟೋ. ಎಲ್ಲಕ್ಕಿಂತ ಮುಖ್ಯವಾದದ್ದು, ಬಿಟ್ಟು ಹೋಗುವವರು ಕಣ್ಣು ತಪ್ಪಿಸಿ ಹೋಗಬಾರದು. ಮಗುವಿನ ಎದುರು ಕೂತು, ‘ಅಮ್ಮ ಕೆಲಸಕ್ಕೆ ಹೋಗ್ತೀನಿ, ನೀನು ಸಂಜೆ ಹಾಲು ಕುಡಿದ ಮೇಲೆ ಬರ್ತೀನಿ’ ಎಂದು ಹೇಳಿ, ತಿರುಗಿ ನೋಡದೆ ನಡೆಯಬೇಕು. ಇದನ್ನು ಪೋಷಕರ ಗುಂಪಿಗೆ ಮೂರು ಸಲ ಕಳಿಸಿದ್ದೆ.

ಸೋಮವಾರ ಒಂಬತ್ತಕ್ಕೆ ಹನ್ನೊಂದು ಮಕ್ಕಳು ಒಟ್ಟಿಗೆ ಬಂದರು.

ನಮ್ಮ ಆಯಾ ಮಕ್ಕಳನ್ನು ಎತ್ತಿ ಎತ್ತಿಯೇ ಸೊಂಟ ಸವೆಸಿಕೊಂಡವರು. ಎರಡು ಕೈಗೆ ಎರಡು ಮಕ್ಕಳನ್ನು ಹಿಡಿದು ನನ್ನ ಕಡೆ ನೋಡಿದರು.

“ಏನ್ ಹೇಳುತ್ತೆ ಮಾರಾಯ್ತಿ ನಿನ್ನ ಮೊಬೈಲು? ಹನ್ನೊಂದು ಒಟ್ಟಿಗೆ ಅತ್ರೆ ಯಾವ ಪುಟ ತೆಗೀಬೇಕಂತೆ?”

ಅಷ್ಟರಲ್ಲಿ ಒಬ್ಬ ಹುಡುಗ ನೀರಿನ ಟಬ್ಬಿನೊಳಗೇ ಕೂತಿದ್ದ. ಇನ್ನೊಬ್ಬನ ತಾತ ನಾನು ಹೇಳಿದಂತೆಯೇ ಹೇಳಿ, ತಿರುಗಿ ನೋಡದೆ ನಡೆದು, ಆಮೇಲೆ ಕಾಂಪೌಂಡಿನ ಆಚೆಯಿಂದ ಇಣುಕಿದರು. ಮೊಮ್ಮಗ ಗ್ರಿಲ್ಲಿನ ಸಂದಿಯಿಂದ ಅವರ ಬಿಳಿ ತಲೆ ಕಂಡುಹಿಡಿದ. ಅಲ್ಲಿಗೆ ಅವನ ಬೆಳಗ್ಗೆ ಮುಗಿಯಿತು.

ಈ ಗದ್ದಲದಲ್ಲಿ ಪುಟ್ಟಿ ಬಂದಳು. ಮೂರೂವರೆ ವರ್ಷ. ಅವಳ ಅಮ್ಮ ದುರ್ಗಿಗುಡಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅಪ್ಪ ಔಷಧ ಕಂಪನಿಯ ಮಾಲು ಹಿಡಿದು ವಾರವಿಡೀ ಊರೂರು ತಿರುಗುವವರು. ಹಾಗಾಗಿ ರಜೆಯ ಒಂದು ತಿಂಗಳು ಪುಟ್ಟಿ ಭದ್ರಾವತಿಯಲ್ಲಿ ಅಪ್ಪನ ಅಮ್ಮನ ಮನೆಯಲ್ಲಿದ್ದಳು. ಅವಳು ಚಪ್ಪಲಿ ಬಿಟ್ಟು, ಬ್ಯಾಗನ್ನು ತನ್ನ ಗೂಟಕ್ಕೆ ನೇತುಹಾಕಿ, ಅಳುತ್ತಿದ್ದವರನ್ನೆಲ್ಲ ಒಂದು ಸುತ್ತು ನೋಡಿ, ಮೂಲೆಯಲ್ಲಿ ಬ್ಲಾಕ್ಸ್ ಜೋಡಿಸಲು ಕೂತಳು. ಅಮ್ಮ ಹೇಳಿ ಹೋದರು. ಪುಟ್ಟಿ ತಲೆಯೆತ್ತಲಿಲ್ಲ.

ನಾನು ಅವಳ ವಿಡಿಯೋ ತೆಗೆದು ಅವಳ ಅಮ್ಮನಿಗೆ ಕಳಿಸಿದೆ. ‘ಮೊದಲ ದಿನವೇ ಹೊಂದಿಕೊಂಡಳು ಮೇಡಂ, ನೀವು ನಿಶ್ಚಿಂತೆಯಾಗಿರಿ’ ಎಂದು ಬರೆದೆ. ನೋಟ್‌ಬುಕ್ಕಿನಲ್ಲಿ ಅವಳ ಹೆಸರಿನ ಮುಂದೆ ಟಿಕ್ ಹಾಕಿದೆ. ಅದು ಆ ದಿನದ ನನ್ನ ಒಂದೇ ಟಿಕ್.

ಒಂದು ಗಂಟೆಗೆ ಊಟ ಮುಗಿದು, ಚಾಪೆ ಹಾಸಿ ಪರದೆ ಎಳೆದೆವು. ಬೆಳಗ್ಗೆಯಿಂದ ಅತ್ತು ಸುಸ್ತಾದವರು ಬಿದ್ದಲ್ಲೇ ನಿದ್ದೆ ಹೋದರು. ಪುಟ್ಟಿ ಎದ್ದು ಹೋಗಿ ಚಪ್ಪಲಿ ಹಾಕಿಕೊಂಡು ಬಾಗಿಲ ಹತ್ತಿರ ನಿಂತಳು. ಕೈ ಹಿಡಿದು ಕರೆತಂದೆ, ಮತ್ತೆ ಹೋದಳು. ಚಪ್ಪಲಿ ತೆಗೆಯಲು ಬಗ್ಗಿದರೆ ಕಾಲು ಝಾಡಿಸಿದಳು. ರಜೆಗೆ ಮೊದಲು ಎಲ್ಲರಿಗಿಂತ ಬೇಗ ಮಲಗುತ್ತಿದ್ದವಳು ಇವಳೇ. ಪಕ್ಕದಲ್ಲಿ ಮಲಗಿ ಬೆನ್ನು ತಟ್ಟಿದೆ. ಕಣ್ಣು ಮುಚ್ಚಿ ಬರುತ್ತಿದ್ದಂತೆ ತಾನೇ ಕೆನ್ನೆ ಚಿವುಟಿಕೊಂಡು ಏಳುತ್ತಿದ್ದಳು. ಮೂರೂವರೆ ವರ್ಷದ ಮಗು ಹಾಗೆ ಮಾಡುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕೊನೆಗೆ ಎರಡೂ ನಲವತ್ತಕ್ಕೆ ಸೋತು ನನ್ನ ತೋಳಿನ ಮೇಲೆ ನಿದ್ದೆ ಹೋದಳು. ನಾನು ಇನ್ನೂ ಊಟ ಮಾಡಿರಲಿಲ್ಲ. ಮೆಲ್ಲನೆ ತೋಳು ಬಿಡಿಸಿಕೊಂಡು ಅಡಿಗೆಮನೆಗೆ ಹೋಗಿ ಡಬ್ಬಿ ತೆರೆದೆ. ಎರಡು ತುತ್ತು ತಿಂದಿರಬೇಕು, ಕಿರುಚಿದ್ದು ಕೇಳಿಸಿತು. ಹದಿಮೂರು ಮಕ್ಕಳೂ ಎದ್ದರು. ಪುಟ್ಟಿ ತಿಂದದ್ದನ್ನೆಲ್ಲ ಹೊಸ ಟೈಲ್ಸ್ ಮೇಲೆ ಕಕ್ಕಿದ್ದಳು.

ಮಂಗಳವಾರ ಇದಕ್ಕಿಂತ ಕೆಟ್ಟದಾಗಿತ್ತು. ಚಾಪೆ ಹಾಸುವ ಸದ್ದಿಗೇ ಮೈ ಬಿಗಿ ಹಿಡಿದಳು. ಮೇಡಂ ಅಮ್ಮನಿಗೆ ಫೋನ್ ಮಾಡಿದರು. ಅಮ್ಮ ಮೂರು ಗಂಟೆಗೆ ಏಪ್ರನ್ನಿನಲ್ಲೇ ಸ್ಕೂಟಿಯಲ್ಲಿ ಬಂದು ಕರೆದುಕೊಂಡು ಹೋದರು. ಬುಧವಾರ ಎರಡೂವರೆಗೇ ಬರಬೇಕಾಯಿತು. ಆ ದಿನ ಅವರು ಗೇಟಿನ ಹತ್ತಿರ ನನಗೆ ಹೇಳಿದ್ದು ಇಷ್ಟು:

“ಮಿಸ್, ಲ್ಯಾಬಿನ ಸರ್ ಇವತ್ತು ಕೇಳಿಯೇಬಿಟ್ರು. ಹಿಂಗೆ ನಡುವೆ ಎದ್ದು ಹೋಗೋರನ್ನ ಕಾಯಂ ಮಾಡೋದು ಹೆಂಗೆ ಅಂತ. ನಮ್ಮನೆಯವ್ರ ಜೊತೆ ಮಾತಾಡಿದೀನಿ. ಶನಿವಾರದ ಬಸ್ಸಿಗೆ ಇವಳನ್ನ ಭದ್ರಾವತಿಗೆ ಬಿಟ್ಟು ಬರೋದು ಅಂತ.”

“ಎಷ್ಟು ದಿನ?”

“ದಿನ ಎಲ್ಲಿ, ಸ್ಕೂಲಿಗೆ ಸೇರೋತನಕ. ಭಾನುವಾರ ಹೋಗಿ ನೋಡ್ಕೊಂಡು ಬರೋದು.” ಹೆಲ್ಮೆಟ್ ಹಾಕಿಕೊಂಡರು. “ನಿಮ್ಮ ತಪ್ಪಲ್ಲ ಬಿಡಿ. ನೀವು ಪಾಪ ಎಷ್ಟು ಮಾಡ್ತೀರ.”

ನಿಮ್ಮ ತಪ್ಪಲ್ಲ ಎಂದದ್ದೇ ನನ್ನನ್ನು ಹೆಚ್ಚು ಚುಚ್ಚಿತು. ಶನಿವಾರಕ್ಕೆ ಎರಡೇ ದಿನ ಉಳಿದಿತ್ತು. ಬಸ್ಸಿನಲ್ಲಿ ಕೂತು ನೋಟ್‌ಬುಕ್ಕಿನ ಹನ್ನೊಂದು ಪುಟವನ್ನೂ ತಿರುವಿದೆ. ಎಲ್ಲವೂ ಬೆಳಗಿನ ಅಳುವಿನ ಬಗ್ಗೆ. ಬೆಳಗ್ಗೆ ಅಳದೆ ಮಧ್ಯಾಹ್ನ ಹೆದರುವ ಮಗುವಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಕಾಲು ಅಲುಗಿಸುತ್ತಲೇ ಇದ್ದೆ ಅಂತ ಕಾಣುತ್ತದೆ, ಪಕ್ಕದಲ್ಲಿದ್ದ ಹೆಂಗಸು ‘ಸ್ವಲ್ಪ ಸುಮ್ನೆ ಕೂರಮ್ಮ’ ಎಂದರು.

ಗುರುವಾರ ಬೆಳಗ್ಗೆ ಮಕ್ಕಳನ್ನು ಸುತ್ತ ಕೂರಿಸಿಕೊಂಡು, ರಜೆಯಲ್ಲಿ ಯಾರು ಏನು ನೋಡಿದಿರಿ ಎಂದು ಕೇಳುತ್ತಿದ್ದೆ. ನಾಲ್ಕು ಮಕ್ಕಳು ತ್ಯಾವರೆಕೊಪ್ಪದ ಹುಲಿ-ಸಿಂಹಧಾಮಕ್ಕೆ ಹೋಗಿ ಬಂದಿದ್ದರು. ನೀರಿನ ಟಬ್ಬಿನಲ್ಲಿ ಕೂತಿದ್ದ ಆ ಹುಡುಗ ಬೇಜಾರಿನಿಂದ ಹೇಳಿದ:

“ಹುಲಿ ಏನೂ ಮಾಡ್ಲೇ ಇಲ್ಲ ಮಿಸ್. ಮಲ್ಕೊಂಡಿತ್ತು.”

ದಿನಾ ಬೆಳಗ್ಗೆ ನಡೆಯುವ ಈ ಮಾತುಕತೆಯಲ್ಲಿ ಮೂರು ದಿನದಿಂದ ಬಾಯಿ ಬಿಡದ ಪುಟ್ಟಿ ಕೇಳಿದಳು:

“ಅದ್ರ ಅಮ್ಮ ಹೋಗ್ಬಿಡ್ತಾ?”

“ಯಾವ ಅಮ್ಮ? ಅದೇ ದೊಡ್ಡ ಹುಲಿ,” ಎಂದ ಅವನು.

“ಮಲ್ಕೊಂಡ್ರೆ ಹೋಗ್ತಾರೆ,” ಎಂದಳು ಪುಟ್ಟಿ. ಎಲ್ಲರಿಗೂ ಗೊತ್ತಿರುವ ವಿಷಯ ಹೇಳುವವಳ ಹಾಗೆ ಹೇಳಿ ತನ್ನ ಬ್ಲಾಕ್ಸ್ ಕಡೆ ತಿರುಗಿದಳು.

ನನಗೆ ಅರ್ಧ ಹೊಳೆಯಿತು, ಇನ್ನರ್ಧ ಭದ್ರಾವತಿಯಲ್ಲಿತ್ತು. ಆ ಮಧ್ಯಾಹ್ನ ಮೇಡಂ ಬೈದರೂ ಪರವಾಗಿಲ್ಲ ಎಂದು ಪುಟ್ಟಿಯನ್ನು ಮಲಗಿಸಲು ಹೋಗಲಿಲ್ಲ. ಚಪ್ಪಲಿ ಹಾಕಿಕೊಂಡೇ ಅಡಿಗೆಮನೆಯಲ್ಲಿ ಕೂತು ಅವರೆಕಾಳು ಎಣಿಸಿದಳು, ಕಿರುಚಲಿಲ್ಲ, ಕಕ್ಕಲಿಲ್ಲ. ಆದರೆ ನಾಲ್ಕರ ಹೊತ್ತಿಗೆ ನಿದ್ದೆಗೆಟ್ಟು ಕಂಡಕಂಡವರನ್ನು ಕಚ್ಚಲು ಹೋದಳು. ಹೀಗೆ ದಿನಾ ನಡೆಸುವುದು ಸಾಧ್ಯವಿರಲಿಲ್ಲ.

ಸಂಜೆ ಅವಳ ಅಮ್ಮನನ್ನು ಕೇಳಿ ವಿಳಾಸ ತಗೊಂಡು ಬಸ್ಸಿಳಿದವಳು ಸೀದಾ ಅಜ್ಜಿಯ ಮನೆಗೆ ಹೋದೆ. ಕಾರ್ಖಾನೆಯ ಹಳೆಯ ಕ್ವಾರ್ಟರ್ಸ್, ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಅಜ್ಜಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ನಾನು ಯಾರು ಎಂದು ಹೇಳಿದ ಕೂಡಲೇ ಮಣೆ ಸರಿಸಿದರು.

“ನೀನೇನಾ ಮಿಸ್ಸು? ಇನ್ನೂ ಕಾಲೇಜಿನ ಹುಡುಗಿ ಇದ್ದಂಗಿದೀಯ. ಮಗು ಉಣ್ತಿಲ್ವಂತೆ, ಮಲಗ್ತಿಲ್ವಂತೆ. ಶನಿವಾರ ಬರ್ಲಿ, ನಾಲ್ಕು ದಿನಕ್ಕೆ ಸರಿ ಮಾಡ್ತೀನಿ.”

“ಇಲ್ಲಿ ಮಧ್ಯಾಹ್ನ ಮಲಗ್ತಿದ್ಲಾ ಅಜ್ಜಿ?”

“ಮೊದಮೊದಲು ಮಲಗ್ತಿತ್ತು. ಆಮೇಲಾಮೇಲೆ ಹಠ. ಅದ್ರಲ್ಲೂ ಭಾನುವಾರ ಅಂತೂ ಕೇಳ್ಬೇಡ, ಅಮ್ಮನ ಸೆರಗು ಬಿಡ್ತಿರ್ಲಿಲ್ಲ.”

“ಭಾನುವಾರ ಅಮ್ಮ ವಾಪಸ್ ಹೊರಡ್ತಿದ್ದಿದ್ದು ಎಷ್ಟೊತ್ತಿಗೆ?”

“ಇದು ಮಲಗಿದ ಮೇಲೆ,” ಎಂದರು ಅಜ್ಜಿ. ಹುಣಸೆ ಬೀಜ ಬೇರೆ ಮಾಡುತ್ತಲೇ ಹೇಳಿದರು. “ನಾನೇ ಹೇಳಿದ್ದು, ಮಲಗಿಸಿಬಿಟ್ಟು ಹೊರಡು ಅಂತ. ಹೊರಟವರ ಹಿಂದೆ ಮಗು ಅಳಬಾರ್ದು ನೋಡು, ಅದು ಒಳ್ಳೇದಲ್ಲ. ಹೋಗೋಳಿಗೂ ದಾರಿಯಲ್ಲಿ ಸಂಕಟ, ಇದಕ್ಕೂ ಸಂಕಟ. ನಾನು ನನ್ನ ಮಕ್ಕಳನ್ನ ನಮ್ಮಮ್ಮನ ಹತ್ರ ಬಿಟ್ಟು ಬರುವಾಗ್ಲೂ ಹಂಗೇ ಮಾಡಿದ್ದು.”

ನಾಲ್ಕು ಭಾನುವಾರ. ನಾಲ್ಕು ಸಲವೂ ಅಮ್ಮನ ಪಕ್ಕ ಮಲಗಿದವಳು ಎದ್ದಾಗ ಅಮ್ಮ ಇಲ್ಲ, ಮುಂದಿನ ಭಾನುವಾರದ ತನಕ ಇಲ್ಲ. ಬೆಳಗ್ಗೆ ಡೇಕೇರ್‌ನಲ್ಲಿ ಬಿಟ್ಟು ಹೋಗುವುದಕ್ಕೆ ಅವಳು ಏಕೆ ಅಳಬೇಕು? ಅವಳ ಲೆಕ್ಕದಲ್ಲಿ ಅಮ್ಮ ಹೋಗುವುದು ಬೆಳಗ್ಗೆಯಲ್ಲ. ಕಣ್ಣು ಮುಚ್ಚಿದಾಗ.

ಇದನ್ನು ಅಜ್ಜಿಗೆ ಹೇಗೆ ಹೇಳುವುದು ಎಂದು ಗೊತ್ತಾಗಲಿಲ್ಲ. ತಡವರಿಸಿ ತಡವರಿಸಿ ಹೇಳಿದೆ. ಅಜ್ಜಿಯ ಕೈ ನಿಂತಿತು.

“ಅಂದ್ರೆ ನಾವೇ ಮಗೂನ ಹೆದರಿಸಿದ್ದು ಅಂತೀಯ.”

“ನಾನೂ ಹೆದರಿಸಿದೀನಿ ಅಜ್ಜಿ. ಸೋಮವಾರ ನನ್ನ ತೋಳಿನ ಮೇಲೆ ಮಲಗಿತ್ತು. ಊಟ ಮಾಡೋಣ ಅಂತ ತೋಳು ಬಿಡಿಸ್ಕೊಂಡು ಎದ್ದು ಹೋದೆ.”

ಅವರು ಬೀಜವನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದರು. ಆಮೇಲೆ “ಉಣ್ಣೋಕೆ ಎದ್ದರೆ ಅದೇನು ತಪ್ಪಾ ಹೇಳು,” ಎಂದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ. ಎದ್ದು ಬರುವಾಗ ಒಂದು ಪೊಟ್ಟಣ ಕೋಡುಬಳೆ ಕೊಟ್ಟರು, ಆದರೆ ಗೇಟಿನ ತನಕ ಬರಲಿಲ್ಲ.

ಮನೆಗೆ ಹೋಗುವ ದಾರಿಯಲ್ಲೇ ಪುಟ್ಟಿಯ ಅಮ್ಮನಿಗೆ ಫೋನ್ ಮಾಡಿದೆ. ನನ್ನ ತಲೆಯಲ್ಲಿದ್ದದ್ದು ಒಂದೇ ಉಪಾಯ, ಅದು ಯಾವ ವಿಡಿಯೋದಲ್ಲೂ ಇರಲಿಲ್ಲ. ನಾಳೆ ಮಧ್ಯಾಹ್ನ ಅಮ್ಮ ಬಂದು ಪುಟ್ಟಿಯ ಪಕ್ಕ ಕೂರಬೇಕು. ಅವಳು ಮಲಗಬೇಕು. ಎದ್ದಾಗ ಅಮ್ಮ ಅಲ್ಲೇ, ಅದೇ ಜಾಗದಲ್ಲಿ ಇರಬೇಕು. ಆಮೇಲೆ ಅವಳು ಪೂರ್ತಿ ಎಚ್ಚರ ಇರುವಾಗ ಹೇಳಿ ಮತ್ತೆ ಕೆಲಸಕ್ಕೆ ಹೋಗಬೇಕು.

“ನನಗೆ ಉಳಿದಿರೋದು ಅರ್ಧ ದಿನದ ರಜೆ ಮಿಸ್,” ಎಂದರು ಅವರು. “ಜ್ವರ ಗಿರ ಬಂದ್ರೆ ಇರ್ಲಿ ಅಂತ ಇಟ್ಕೊಂಡಿದ್ದು. ಅದನ್ನೂ ತಗೊಂಡು, ಆಮೇಲೂ ಇವಳು ಮಲಗದಿದ್ರೆ?”

“ಆಗ ಶನಿವಾರ ಕರ್ಕೊಂಡು ಹೋಗಿ ಮೇಡಂ. ನಾನು ಏನೂ ಹೇಳಲ್ಲ.”

“ನಿಮಗೆ ಗ್ಯಾರಂಟಿ ಇದೆಯಾ?”

“ಇಲ್ಲ.”

ಆ ಕಡೆ ಕುಕ್ಕರ್ ಸೀಟಿ ಹೊಡೆಯಿತು. “ಆಯ್ತು, ಬರ್ತೀನಿ,” ಎಂದರು.

ಶುಕ್ರವಾರ ಬೆಳಗ್ಗೆ ನಮ್ಮ ಮೇಡಂ ಒಪ್ಪಲಿಲ್ಲ. ಅವರು ಹೇಳಿದ್ದೂ ಸರಿಯೇ. ಹದಿನಾಲ್ಕು ಮಕ್ಕಳ ನಡುವೆ ಒಬ್ಬಳ ಅಮ್ಮ ಮಾತ್ರ ಬಂದು ಕೂತರೆ ಉಳಿದ ಹದಿಮೂರು ಸುಮ್ಮನಿರುತ್ತವೆಯೇ? ನಾನು ವಾದ ಮಾಡುತ್ತಲೇ ಇದ್ದೆ. ಅಷ್ಟರಲ್ಲಿ ಆಯಾ ನೆಲ ಒರೆಸುತ್ತಾ ಹೇಳಿದರು:

“ಸಾಮಾನಿನ ರೂಮ್ ಇದೆಯಲ್ಲ ಮೇಡಂ. ಹಿತ್ತಲ ಬಾಗಿಲಿಂದ ಬರ್ಲಿ. ಟೈಲ್ಸ್ ಡಬ್ಬ ಒಂದು ಕಡೆ ಸರಿಸಿದ್ರೆ ಒಂದು ಚಾಪೆ ಹಿಡಿಯುತ್ತೆ.” ನನ್ನ ಕಡೆ ತಿರುಗಿ, “ಡಬ್ಬ ನೀನೇ ಸರಿಸ್ಬೇಕು ಮತ್ತೆ. ನನ್ನ ಕೈಲಾಗಲ್ಲ.”

ಸರಿಸಿದೆ. ಒಂದು ಗಂಟೆಗೆ ಅಮ್ಮ ಬಂದರು. ಪುಟ್ಟಿಗೆ ಖುಷಿಗಿಂತ ಅನುಮಾನವೇ ಹೆಚ್ಚಾಯಿತು. ಚಾಪೆಯ ಮೇಲೆ ಕೂತಳು, ಮಲಗಲಿಲ್ಲ. ಅಮ್ಮನ ವೇಲನ್ನು ತನ್ನ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಳು. ಅಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತು, ನಾನು ಹೇಳಿಕೊಟ್ಟಂತೆ ಒಂದೇ ಸಲ ಹೇಳಿದರು:

“ನೀನು ಮಲ್ಕೋ. ಎದ್ದಾಗ ನಾನು ಇಲ್ಲೇ ಇರ್ತೀನಿ.”

ಪುಟ್ಟಿ ನಂಬಲಿಲ್ಲ. ನಂಬುವಂಥದ್ದು ಅವಳಿಗೆ ಏನೂ ಸಿಕ್ಕಿರಲಿಲ್ಲ. ಒಂದೂ ಐವತ್ತರ ತನಕ ಕಣ್ಣು ಬಿಟ್ಟುಕೊಂಡೇ ಇದ್ದಳು. ಆಮೇಲೆ ಕೂತಲ್ಲೇ ವಾಲಿ ಅಮ್ಮನ ಮೊಣಕಾಲಿನ ಮೇಲೆ ತಲೆಯಿಟ್ಟಳು.

ಎರಡೂ ಕಾಲಿಗೆ ಅಮ್ಮನ ಫೋನ್ ನಡುಗಿತು. ಲ್ಯಾಬಿನದು. ಕಟ್ ಆಯಿತು, ಮತ್ತೆ ಬಂತು. ಮೂರನೆಯ ಸಲ ಬಂದಾಗ ಅವರು ಎದ್ದೇಬಿಡುತ್ತಾರೆ ಅನ್ನಿಸಿತು. ನಾನು ಕೈಸನ್ನೆಯಲ್ಲೇ ಕೇಳಿ ಫೋನ್ ತೆಗೆದುಕೊಂಡು ಹಿತ್ತಲಿಗೆ ಓಡಿದೆ.

“ಸರ್, ನಾನು ಡೇಕೇರಿನ ಮಿಸ್ ಮಾತಾಡೋದು. ಅವರು ಈಗ ಎದ್ದು ಬರೋ ಹಾಗಿಲ್ಲ.”

“ಯಾಕ್ರೀ, ಮಗುಗೆ ಏನಾಯ್ತು?”

“ಮಲಗಿದೆ ಸರ್.”

“ಮಗು ಮಲಗಿದ್ರೆ ಬರಬಹುದಲ್ರೀ?”

“ಅದಕ್ಕೇ ಸರ್ ಬರೋಕಾಗದೆ ಇರೋದು.”

ಅವರಿಗೆ ಬೇಕಾಗಿದ್ದದ್ದು ಸ್ಯಾಂಪಲ್ ಇಡುವ ಫ್ರಿಜ್ಜಿನ ಕೀಲಿ. ಒಳಗೆ ಹೋಗಿ ಪಿಸುಗುಟ್ಟಿ ಕೇಳಿದೆ. ಅಮ್ಮ ಅಲುಗಾಡದೆ, ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದರು. ಎರಡನೇ ಡ್ರಾಯರ್, ಹತ್ತಿಯ ಡಬ್ಬಿಯ ಒಳಗೆ. ಹೇಳಿ ಫೋನ್ ಇಟ್ಟೆ. ಅವರ ಕಾಲು ಜೋಮು ಹಿಡಿದಿರಬೇಕು, ತುಟಿ ಕಚ್ಚಿಕೊಂಡು ಕೂತಿದ್ದರು. ನಾನು ಬಾಗಿಲ ಹತ್ತಿರ ನಿಂತು ಗಡಿಯಾರ ನೋಡುತ್ತಿದ್ದೆ, ಪುಟ್ಟಿಯನ್ನು ನೋಡುತ್ತಿದ್ದೆ, ಮತ್ತೆ ಗಡಿಯಾರ.

ಎರಡೂ ಐವತ್ತೈದಕ್ಕೆ ಪುಟ್ಟಿಗೆ ಎಚ್ಚರವಾಯಿತು. ಕಣ್ಣು ಬಿಡುವ ಮೊದಲೇ ಅವಳ ಕೈ ಹುಡುಕಲು ಶುರು ಮಾಡಿತು. ವೇಲ್ ಸಿಕ್ಕಿತು, ಅದನ್ನು ಎಳೆದು ನೋಡಿದಳು. ಅದರ ಆಚೆ ತುದಿಯಲ್ಲಿ ಯಾರೂ ಇರಲಿಕ್ಕಿಲ್ಲ ಎಂದುಕೊಂಡಿದ್ದಳೋ ಏನೋ, ನಿಧಾನವಾಗಿ ತಲೆಯೆತ್ತಿ ಅಮ್ಮನ ಮುಖವನ್ನು ಬಹಳ ಹೊತ್ತು ನೋಡಿದಳು. ನಗಲಿಲ್ಲ.

“ಹೋಗ್ಲಿಲ್ವಾ?”

“ಇಲ್ಲ ಪುಟ್ಟಿ.”

“ಕಾಲು ಯಾಕೆ ಹಿಂಗಿಟ್ಟಿದೀಯ?”

“ಜೋಮು ಹಿಡಿದಿದೆ. ನೀನು ಮಲಗಿದ್ಯಲ್ಲ, ಅಲುಗಿಸ್ಲಿಲ್ಲ.”

ಪುಟ್ಟಿ ಆ ಕಾಲನ್ನು ಒಂದು ಸಲ ಒತ್ತಿ ನೋಡಿದಳು. ಆಮೇಲೆ ಕಷ್ಟದ ಭಾಗ ಬಂತು. ಮುಖ ತೊಳೆಸಿ, ಎಲ್ಲರೊಡನೆ ಹಾಲಿಗೆ ಕೂರಿಸುವ ಮೊದಲು ಅಮ್ಮ ಅವಳೆದುರು ಕೂತು ಹೇಳಿದರು, ಈಗ ಲ್ಯಾಬಿಗೆ ಹೋಗ್ತೀನಿ, ಆಯಾ ದೀಪ ಹಚ್ಚೋ ಹೊತ್ತಿಗೆ ಬರ್ತೀನಿ ಎಂದು. ಹೇಳಿ ಎದ್ದರು. ಪುಟ್ಟಿ ಅತ್ತಳು. ಗ್ರಿಲ್ ಹಿಡಿದು, ಮೂಗು ಸುರಿಸಿಕೊಂಡು, ಸೋಮವಾರ ಎಲ್ಲ ಮಕ್ಕಳು ಅತ್ತಂತೆ ಅತ್ತಳು. ಅಮ್ಮ ಸ್ಕೂಟಿ ತಿರುಗಿಸುವುದನ್ನು, ರಸ್ತೆಯ ತುದಿಯಲ್ಲಿ ಮರೆಯಾಗುವುದನ್ನು ಪೂರ್ತಿ ನೋಡಿದಳು. ನಾನು ಪಕ್ಕದಲ್ಲಿ ಕೂತಿದ್ದೆ, ಸಮಾಧಾನ ಮಾಡಲಿಲ್ಲ. ಕಾಲು ಗಂಟೆಯ ನಂತರ ತಾನೇ ಬಂದು ಹಾಲು ಕೇಳಿದಳು.

ಒಂದು ಮಧ್ಯಾಹ್ನ ನಾಲ್ಕು ಭಾನುವಾರವನ್ನು ಅಳಿಸಲಿಲ್ಲ. ಹಾಗೆಂದು ಬರೆದರೆ ಸುಳ್ಳಾಗುತ್ತದೆ. ಆದರೆ ಶನಿವಾರದ ಬಸ್ಸಿಗೆ ಅವರು ಹೋಗಲಿಲ್ಲ. ಇನ್ನೊಂದು ವಾರ ನೋಡೋಣ ಎಂದು ಅಮ್ಮ ಮೆಸೇಜ್ ಕಳಿಸಿದರು. ಆ ವಾರ ಸೋಮವಾರ ಪುಟ್ಟಿ ಮಲಗಲಿಲ್ಲ. ಮಂಗಳವಾರ ಚಪ್ಪಲಿ ಬಿಟ್ಟಳು, ಅಷ್ಟೇ. ಬುಧವಾರ ನನ್ನ ವೇಲ್ ಸುತ್ತಿಕೊಂಡು ಚಾಪೆಯಲ್ಲಿ ಬಿದ್ದುಕೊಂಡಳು. ಗುರುವಾರ ನಿದ್ದೆ ಹೋದಳು, ಎದ್ದಾಗ ನಾನು ಅಲ್ಲೇ ಇದ್ದೆ. ನಾನು ಊಟ ಮಾಡಿದ್ದು ಮೂರು ಗಂಟೆಗೆ. ಶುಕ್ರವಾರ ಅವಳು ಮಲಗುವ ಮೊದಲೇ ಹೇಳಿದೆ, ನೀನು ಮಲಗಿದಾಗ ನಾನು ಅಡಿಗೆಮನೆಯಲ್ಲಿ ಉಣ್ತಿರ್ತೀನಿ, ಎದ್ದರೆ ಅಲ್ಲಿಗೆ ಬಾ ಎಂದು. ಎದ್ದು ಬಂದಳು. ಅಳುತ್ತಲೇ ಬಂದಳು, ಆದರೆ ಅಡಿಗೆಮನೆಗೆ ಬಂದಳು. ಆ ಇಡೀ ವಾರದಲ್ಲಿ ಲ್ಯಾಬಿಗೆ ನಾವು ಒಮ್ಮೆಯೂ ಫೋನ್ ಮಾಡಲಿಲ್ಲ. ಪುಟ್ಟಿ ಈಗ ನಮ್ಮಲ್ಲೇ ಇದ್ದಾಳೆ.

ಆ ಎರಡನೆಯ ವಾರ ಮುಗಿದ ಭಾನುವಾರ ಅಜ್ಜಿಯೇ ಶಿವಮೊಗ್ಗಕ್ಕೆ ಬಂದಿದ್ದರಂತೆ. ಮಧ್ಯಾಹ್ನ ಮಗು ಮಲಗಿತು. ಮೂರು ಗಂಟೆಗೆ ಅವರ ಬಸ್ಸಿತ್ತು. ಬ್ಯಾಗ್ ಹಿಡಿದು ನಿಂತ ಅಜ್ಜಿ ಬಾಗಿಲ ತನಕ ಹೋಗಿ, ವಾಪಸ್ ಬಂದು ಕೂತರಂತೆ. ಆ ಬಸ್ ಬಿಟ್ಟು, ಅದರ ಮುಂದಿನದನ್ನೂ ಬಿಟ್ಟು, ಪುಟ್ಟಿ ಎದ್ದ ಮೇಲೆ ಹೇಳಿ ಹೊರಟರಂತೆ. ಬೀದಿಯವರೆಲ್ಲ ಹೊರಗೆ ಬಂದು ನೋಡುವಷ್ಟು ಅವಳು ಅತ್ತಳಂತೆ. “ನನಗೇನೋ ಇದು ಸರಿ ಕಾಣಲ್ಲ,” ಎಂದು ಸೊಸೆಗೆ ಹೇಳಿ, ಕಣ್ಣು ಒರೆಸಿಕೊಂಡೇ ಆಟೋ ಹತ್ತಿದರಂತೆ.

ಇದನ್ನು ಕೇಳಿದಾಗಿನಿಂದ ನನಗೂ ಸಮಾಧಾನವಿಲ್ಲ. ಅಜ್ಜಿ ಅಷ್ಟು ವರ್ಷ ಅಳು ತಪ್ಪಿಸಿದ್ದು ಪ್ರೀತಿಯಿಂದಲೇ. ನಾನು ಮಗುವನ್ನು ಅಳಿಸಿಯೇ ಹೊರಡಿ ಎನ್ನುತ್ತಿದ್ದೇನೆ, ಅದೂ ಒಂದು ಮಗುವನ್ನು ನೋಡಿದ ಧೈರ್ಯದ ಮೇಲೆ. ಬೇರೆ ಮಗುವಿಗೆ ಬೇರೆಯೇ ಇರಬಹುದು. ಹಾಗಾಗಿ ಇದನ್ನು ಓದಿದವರು ಸುಮ್ಮನೆ ಮುಂದೆ ಹೋಗಬೇಡಿ. ನೀವು ಮಗುವನ್ನು ಮಲಗಿಸಿ ಹೊರಟವರಾದರೆ, ಅಥವಾ ಹೇಳಿಯೇ ಹೊರಟವರಾದರೆ, ಆಮೇಲೆ ಏನಾಯಿತು ಎಂದು ಬರೆಯಿರಿ. ಯಾರದಾದರೂ ಮನೆಯಲ್ಲಿ ಮಲಗಿ, ಎದ್ದಾಗ ಪಕ್ಕದ ಜಾಗ ಖಾಲಿಯಿದ್ದ ಮಗು ನೀವೇ ಆಗಿದ್ದರೆ, ನೀವು ಖಂಡಿತ ಬರೆಯಿರಿ. ಪುಟ್ಟಿಗೆ ಅದನ್ನು ಹೇಳುವಷ್ಟು ಮಾತು ಇನ್ನೂ ಬಂದಿಲ್ಲ.